ಹಗುರ ಅಲ್ಯೂಮಿನಿಯಂ ಕ್ರೂಸರ್: ರೆಡಿಮೇಡ್, ಹಳೇ ಫ್ರೇಮು, ಇಲ್ಲಾ ಎಂಟಿಬಿ (ಮೌಂಟನ್ ಬೈಕ್) ಬದಲಾಯಿಸೋದು – ಮೂರೂ ಮಾಡಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಕ್ರೂಸರ್ ಫ್ರೇಮಿಗೆ. ಕ್ರೂಸರ್ ಅಂದ್ರೆ ಅಗಲ ಹ್ಯಾಂಡಲ್, ದಪ್ಪ ಟೈರು ಇರೋ, ನೆಟ್ಟಗೆ ಕೂತು ಓಡ್ಸೋ ಸೈಕಲ್ಲು. ಖಾಲಿ ಫ್ರೇಮ್ ತಗೊಂಡು ಬಾಕಿ ಸಾಮಾನು ಒಂದೊಂದೇ ಹುಡುಕಿ ಜೋಡಿಸ್ಕೊಳ್ಳೋದು. ಉಳಿದೆರಡು ದಾರೀಲೂ ದುಡ್ಡು ಹಾಕಿ ಕೈ ಸುಟ್ಕೊಂಡಿದೀನಿ, ಆ ಹೊಟ್ಟೆಉರಿಗೇ ಇದನ್ನ ಬರೀತಿರೋದು ಅಂದ್ಕೊಳ್ಳಿ.

ನಾನಿರೋದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಸೈಕಲ್ಲನ್ನ ರಾತ್ರಿ ಕೆಳಗೆ ಬಿಡೋ ಧೈರ್ಯ ಮೊದ್ಲೇ ಇಲ್ಲ. ದಿನಾ ಬೆಳಿಗ್ಗೆ ಹೊತ್ಕೊಂಡು ಇಳೀಬೇಕು, ಸಂಜೆ ಹೊತ್ಕೊಂಡು ಹತ್ತಬೇಕು. ಒಂದು ಕೆಜಿ ಜಾಸ್ತಿ ಇದ್ರೂ ಎರಡನೇ ಮಹಡಿ ತಿರುವಲ್ಲಿ ಉಸಿರೇ ಹೇಳತ್ತೆ. ಹಾಗಿದ್ರೆ ರೋಡ್ ಬೈಕ್ ತಗೊಳ್ಳಪ್ಪಾ ಅಂತ ಎಲ್ಲರೂ ಹೇಳಿದ್ರು, ಆದ್ರೆ ಬಗ್ಗಿ ಓಡ್ಸಿದ್ರೆ ನನ್ ಸೊಂಟ ಕೇಳಲ್ಲ, ಅಗಲ ಹ್ಯಾಂಡಲ್ ಹಿಡ್ಕೊಂಡು ಬೆನ್ನು ನೆಟ್ಟಗಿಟ್ಕೊಂಡು ದಪ್ಪ ಟೈರಲ್ಲಿ ಆರಾಮಾಗಿ ಹೋಗೋದೇ ನಂಗಿಷ್ಟ. ಮತ್ತೆ ಪೆಡಲ್ ಹಿಂದಕ್ಕೆ ತುಳಿದ್ರೆ ಹಿಡಿಯೋ ಕೋಸ್ಟರ್ ಬ್ರೇಕು ಚಿಕ್ಕಂದಿನಿಂದ ಕಾಲಿಗೆ ಅಂಟ್ಕೊಂಡಿರೋ ಅಭ್ಯಾಸ. ಈ ಕೋಸ್ಟರ್ ಬ್ರೇಕನ್ನ ನೆನಪಿಟ್ಕೊಳ್ಳಿ, ಮುಂದೆ ಎಲ್ಲಾ ರಗಳೆ ಅದರಿಂದಾನೇ.

ಮೊದಲು ತಗೊಂಡಿದ್ದು ಹೊಸ ರೆಡಿಮೇಡ್ ಕ್ರೂಸರ್. ಫ್ರೇಮ್ ಮೇಲೆ ದೊಡ್ಡದಾಗಿ ಅಲಾಯ್ ಅಂತ ಸ್ಟಿಕ್ಕರ್. ಮನೆಗೆ ತಂದು ಲಗೇಜ್ ತೂಗೋ ಕೊಕ್ಕೆ ತಕ್ಕಡಿಗೆ ನೇತು ಹಾಕಿದ್ರೆ 16.8 ಕೆಜಿ! ನಂಬಿಕೆ ಬರ್ದೇ ಎರಡನೇ ಸಲ ತೂಗ್ದೆ, ಅಷ್ಟೇ. ಆಮೇಲೆ ಫ್ರಿಜ್ ಬಾಗಿಲಿಂದ ಒಂದು ಮ್ಯಾಗ್ನೆಟ್ ಕಿತ್ಕೊಂಡು ಬಂದು ಒಂದೊಂದೇ ಭಾಗಕ್ಕೆ ಹಿಡೀತಾ ಹೋದೆ. ಮುಂದಿನ ಚಕ್ರ ಹಿಡ್ಕೊಳ್ಳೋ ಫೋರ್ಕಿಗೆ ಟಪ್ ಅಂತ ಕೂತ್ಕೊಳ್ತು. ಹ್ಯಾಂಡಲ್, ಸೀಟ್ ಪೋಸ್ಟ್, ಪೆಡಲ್ ಕೂರೋ ಕ್ರ್ಯಾಂಕ್, ರಿಮ್ಮು, ಎಲ್ಲಾ ಕಡೆ ಟಪ್ ಟಪ್. ಅಂಟದೇ ಜಾರಿದ್ದು ಫ್ರೇಮ್ ಒಂದ್ರಲ್ಲಿ ಮಾತ್ರ. ಸ್ಟಿಕ್ಕರ್ ಸುಳ್ಳೇನೂ ಹೇಳಿಲ್ಲ, ಫ್ರೇಮ್ ಅಲ್ಯೂಮಿನಿಯಂನದ್ದೇ, ಉಳಿದಿದ್ರ ಬಗ್ಗೆ ಅದೇನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಅಲ್ಯೂಮಿನಿಯಂ ಸಾಂದ್ರತೆ 2.7, ಸ್ಟೀಲಿಂದು 7.8ರ ಹತ್ರ, ಅಂದ್ಮೇಲೆ ಸೈಕಲ್ ತೂಕ ಮೂರರಲ್ಲೊಂದು ಭಾಗ ಆಗ್ಬೇಕಲ್ವಾ ಅಂತ ನಾನೂ ಲೆಕ್ಕ ಹಾಕಿದ್ದೆ. ಆಗಲ್ಲ. ಅಲ್ಯೂಮಿನಿಯಂ ಗಟ್ಟಿತನಾನೂ ಸ್ಟೀಲಿನ ಮೂರರಲ್ಲೊಂದೇ ಇರೋದು, ಬಾಗದೇ ಇರ್ಲಿ ಅಂತ ಪೈಪನ್ನ ದಪ್ಪ ಮಾಡ್ತಾರೆ, ಗೋಡೆಯನ್ನೂ ಹೆಚ್ಚಿಸ್ತಾರೆ, ಕೊನೆಗೆ ಫ್ರೇಮಲ್ಲಿ ಕಮ್ಮಿ ಆಗೋದು ಒಂದು ಕೆಜಿ, ಹೆಚ್ಚಂದ್ರೆ ಒಂದೂವರೆ. ಬಾಕಿ ಭಾರ ಎಲ್ಲಾ ಚಕ್ರ, ಟೈರು, ಫೋರ್ಕು, ಸೀಟಲ್ಲಿ ಕೂತಿರತ್ತೆ.

ಸರಿ ಇದನ್ನೇ ಹಗುರ ಮಾಡೋಣ ಅಂತ ಹೋದ್ರೆ ಹೊಸದಾಗಿ ದುಡ್ಡು ಕೊಟ್ಟು ತಗೊಂಡ ಸಾಮಾನನ್ನೇ ಕಿತ್ತು ಮೂಲೆಗೆ ಹಾಕ್ಬೇಕು, ಪ್ರತಿಯೊಂದಕ್ಕೂ ಎರಡೆರಡು ಸಲ ದುಡ್ಡು. ಮಾರ್ಬಿಟ್ಟೆ. ಇದರ ಪರವಾಗಿ ಹೇಳೋದಾದ್ರೆ ಮನೆಗೆ ತಂದ ಮಾರನೇ ದಿನಾನೇ ಓಡಿಸ್ಬಹುದು, ವಾರಂಟಿ ಇರತ್ತೆ. ರೆಡಿಮೇಡಲ್ಲೇ ಎಲೆಕ್ಟ್ರಾ ಕಂಪನಿಯ ಟೌನಿ ಥರ ಪೆಡಲನ್ನ ಸೀಟಿಗಿಂತ ಚೆನ್ನಾಗಿ ಮುಂದಕ್ಕೆ ತಳ್ಳಿರೋ ವಿನ್ಯಾಸನೂ ಇದೆ, ಪರಿಚಯದವರದ್ದು ಓಡಿಸಿ ನೋಡ್ದೆ, ನಿಲ್ಲಿಸಿದಾಗ ಸೀಟಿಂದ ಇಳೀದೇ ಎರಡೂ ಪಾದ ನೆಲಕ್ಕೆ ಊರಬಹುದು. ಮೆಟ್ಟಿಲು ಹತ್ತೋ ಕರ್ಮ ಇಲ್ದೇ ಇದ್ದಿದ್ರೆ ಅದನ್ನೇ ತಗೊಂಡು ಸುಮ್ನಿರ್ತಿದ್ದೆ.

ಎರಡನೇ ಪ್ರಯೋಗ ಹಳೇ ಎಂಟಿಬಿ ಫ್ರೇಮು. 26 ಇಂಚು, ಅಲ್ಯೂಮಿನಿಯಂ, ಮೂಲೆಯಲ್ಲಿ ಧೂಳು ಹಿಡ್ದು ಬಿದ್ದಿತ್ತು, ಹೆಚ್ಚೂಕಮ್ಮಿ ಪುಕ್ಕಟೆ ಸಿಕ್ತು. ಐಡಿಯಾ ಕೆಟ್ಟದ್ದೇನೂ ಅಲ್ಲ. ಎಂಟಿಬಿ ಹುಟ್ಟಿದ್ದೇ ಕ್ರೂಸರಿಂದ. ಅಮೆರಿಕದ ಶ್ವಿನ್ ಸೈಕಲ್ ಕಂಪನಿ 1933ರಲ್ಲಿ ತಂದ ಬಲೂನ್ ಟೈರು 26 x 2.125 ಇಂಚು, ಅಂಥ ಟೈರಿನ ಹಳೇ ಕ್ರೂಸರ್‌ಗಳನ್ನ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಹುಡುಗರು 70ರ ದಶಕದಲ್ಲಿ ಬೆಟ್ಟದ ಮೇಲಿಂದ ಇಳಿಸ್ತಾ ಆಟ ಆಡ್ತಿದ್ರು. 1976ರಲ್ಲಿ ಶುರುವಾದ ಅವರ ರೇಸಿಗೆ ರೀಪ್ಯಾಕ್ ಅಂತ ಹೆಸರು ಬಂದಿದ್ದು ಯಾಕೆ ಅಂದ್ರೆ ಒಂದ್ಸಲ ಕೆಳಗಿಳಿಯೋಷ್ಟ್ರಲ್ಲಿ ಕೋಸ್ಟರ್ ಬ್ರೇಕ್ ಕಾದು ಚಕ್ರದ ನಡುವಿರೋ ಹಬ್ಬಿನ ಗ್ರೀಸೆಲ್ಲಾ ಹೊಗೆಯಾಗಿ ಹೋಗ್ತಿತ್ತಂತೆ, ಮತ್ತೆ ಗ್ರೀಸ್ ತುಂಬಬೇಕಿತ್ತು. ಹಂಗಾಗಿ ಎರಡರ ರಿಮ್ ಸೈಜೂ ಇವತ್ತಿಗೂ ಒಂದೇ, 559, ಅಂದ್ರೆ ಟೈರ್ ಕೂರೋ ಜಾಗದಲ್ಲಿ ರಿಮ್ಮಿನ ವ್ಯಾಸ ಮಿ.ಮೀ ಲೆಕ್ಕದಲ್ಲಿ. ಅಗಲ ಹ್ಯಾಂಡಲ್ ಹಾಕಿ ದಪ್ಪ ಟೈರ್ ಹಾಕಿದ್ರೆ ಮುಗೀತು ಅಂದ್ಕೊಂಡೆ.

ಮುಗೀಲಿಲ್ಲ. ಎಂಟಿಬಿ ಫ್ರೇಮಲ್ಲಿ ಹಿಂದಿನ ಆಕ್ಸಲ್ ಕೂರೋ ಸೀಳು ಕೆಳಮುಖವಾಗಿರತ್ತೆ, ಚಕ್ರನ ಹಿಂದೆ ಮುಂದೆ ಎಳೆಯೋಕೆ ಜಾಗಾನೇ ಇಲ್ಲ. ಗೇರ್ ಇದ್ದಾಗ ಪರವಾಗಿಲ್ಲ, ಗೇರ್ ಬದಲಾಯಿಸೋಕೆ ಚೈನ್ ಸರಿಸೋ ಹಿಂದಿನ ಡೀರೇಲರ್ರೇ ಅದನ್ನ ಬಿಗಿಯಾಗಿಟ್ಕೊಳ್ತಿತ್ತು. ಒಂದೇ ಹಲ್ಲುಚಕ್ರದ ಕೋಸ್ಟರ್ ಹಬ್ ಹಾಕಿದ ಕೂಡ್ಲೇ ಚೈನ್ ಜೋತುಬಿತ್ತು. ಅದಕ್ಕೇನಂತೆ, ಚೈನ್ ಟೆನ್ಷನರ್ ಅಂತ ಸಿಗತ್ತಲ್ಲ, ಸ್ಪ್ರಿಂಗ್ ಇರೋ ಒಂದು ಚಿಕ್ಕ ಗಾಲಿ, ತಂದು ಹಾಕ್ದೆ. ಮನೆ ಮುಂದೆ ಎರಡು ರೌಂಡ್ ಹೊಡ್ದೆ, ಎಷ್ಟ್ ಚೆನ್ನಾಗಿದೆ ಅಂದ್ರೆ ಹೇಳೋದು ಬೇಡ.

ಮೂರನೇ ರೌಂಡಲ್ಲಿ ಇಳಿಜಾರಿಗೆ ಹೋಗಿ ಹಿಂದಕ್ಕೆ ತುಳಿದೆ. ಪೆಡಲ್ ಕಾಲು ಸುತ್ತು ಸುಮ್ನೆ ತಿರುಗ್ತು, ಆಮೇಲೆ ಕಟ್ ಅಂತ ಸದ್ದು, ಟೆನ್ಷನರ್ ತೋಳು ಬಾಗಿ ಸ್ಪೋಕಿಗೆ ತಾಗ್ತು, ಚೈನ್ ಕಳಚ್ಕೊಳ್ತು. ಕೋಸ್ಟರಲ್ಲಿ ಚೈನ್ ಹೋಯ್ತು ಅಂದ್ರೆ ಬ್ರೇಕೂ ಹೋಯ್ತು ಅಂತಾನೇ ಅರ್ಥ. ಬೇಲಿಗೆ ಹೋಗಿ ನಿಂತೆ, ಮೊಣಕೈ ತರಚ್ತು, ಅಷ್ಟಕ್ಕೇ ಮುಗೀತು. ಆಮೇಲೆ ಕೂತು ಯೋಚ್ನೆ ಮಾಡಿದ್ರೆ ಎಷ್ಟು ಸರಳ ವಿಷಯ: ಮುಂದಕ್ಕೆ ತುಳಿಯೋವಾಗ ಮೇಲಿನ ಚೈನು ಬಿಗಿ, ಕೆಳಗಿನದ್ದು ಸಡಿಲ, ಟೆನ್ಷನರ್ ಕೂರೋದು ಆ ಸಡಿಲ ಇರೋ ಕೆಳಗಡೆ. ಹಿಂದಕ್ಕೆ ತುಳಿದ್ರೆ ಉಲ್ಟಾ, ಬ್ರೇಕಿನ ಪೂರ್ತಿ ಎಳೆತ ಕೆಳಗಿನ ಚೈನ್ ಮೇಲೇ. ಒಂದು ಸಣ್ಣ ಸ್ಪ್ರಿಂಗು ನನ್ ಕಾಲಿನ ಬಲ ಹೆಂಗೆ ತಡ್ಕೊಳ್ಳತ್ತೆ? ಟೆನ್ಷನರ್ರೂ ಕೋಸ್ಟರ್ರೂ ಒಂದೇ ಸೈಕಲ್ಲಲ್ಲಿ ಇರಬಾರದು, ಅಷ್ಟೇ. ದಯವಿಟ್ಟು ಇದೊಂದನ್ನ ನನ್ ಥರ ಬೇಲೀಲಿ ಕಲೀಬೇಡಿ.

ಆದ್ರೂ ಹಠ. ಟೆನ್ಷನರ್ ಕಿತ್ತಾಕಿ ಹಲ್ಲಿನ ಲೆಕ್ಕದಲ್ಲೇ ಚೈನ್ ಬಿಗಿ ಮಾಡೋಣ ಅಂತ ಕೂತೆ. ಹಿಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಹೆಚ್ಚು ಮಾಡಿದ್ರೆ ಆಕ್ಸಲ್ಲನ್ನ ಸುಮಾರು 3 ಮಿ.ಮೀ ಸರಿಸಿದಷ್ಟು ಲೆಕ್ಕ, ಅರ್ಧ ಕೊಂಡಿ ಅಂತ ಬೇರೆ ಸಿಗತ್ತೆ, ಅದನ್ನೂ ಸೇರಿಸಿ 18 ಹಲ್ಲು ತೆಗೆದು 19 ಹಾಕಿದ್ರೆ ಅಬ್ಬಾ, ಅಳತೆ ತಗೊಂಡು ಹೊಲಿಸಿದ ಅಂಗಿ ಥರ ಕೂತ್ಕೊಳ್ತು. ಮೂರು ವಾರ ಸುಖವಾಗಿದ್ದೆ. ಆದ್ರೆ ಚೈನ್ ಸವೀತಾ ಉದ್ದ ಆಗತ್ತಲ್ಲ, ನೂರು ಕೊಂಡಿ ಅಂದ್ರೆ 127 ಸೆಂ.ಮೀ, ಬದಲಾಯಿಸೋ ಹೊತ್ತಿಗೆ ಶೇ. 0.75 ಹಿಗ್ಗಿರತ್ತೆ ಅಂದ್ರೂ ಹತ್ತಿರ ಹತ್ತಿರ ಒಂದು ಸೆಂ.ಮೀ. ಅಷ್ಟು ಸಡಿಲ ಆದ್ರೆ ಎಗರೋಕೆ ಸಾಕು. ಕ್ರ್ಯಾಂಕ್ ತಿರುಗೋ ಬಾಟಮ್ ಬ್ರಾಕೆಟ್ಟನ್ನೇ ಹಿಂದೆ ಮುಂದೆ ತಿರುಗಿಸೋ ಎಕ್ಸೆಂಟ್ರಿಕ್ ಅಂತ ಒಂದು ಬರತ್ತೆ, ಸರಿಯಾದ ಪರಿಹಾರ ಅದೇ, ಆದ್ರೆ ಅದರ ರೇಟು ಫ್ರೇಮು ಚಕ್ರ ಎರಡೂ ಸೇರಿದ್ದಕ್ಕಿಂತ ಜಾಸ್ತಿ. ಅಲ್ಲಿಗೆ ಕೈಬಿಟ್ಟೆ.

ಇನ್ನೂ ಸಣ್ಣಪುಟ್ಟದ್ದು ಇತ್ತು: ಕೋಸ್ಟರ್ ಹಬ್ ಅಗಲ 110 ಮಿ.ಮೀ, ಎಂಟಿಬಿ ಫ್ರೇಮಿನ ಹಿಂಬದಿ 135. ಸ್ಟೀಲಾಗಿದ್ರೆ ಒತ್ತಿ ಬಾಗಿಸ್ತಾರೆ, ಅಲ್ಯೂಮಿನಿಯಂನ ಹಂಗೆ ಬಾಗಿಸೋಕೆ ಹೋಗ್ಲೇಬೇಡಿ, ಬಿರುಕು ಬಿಡತ್ತೆ. ಉದ್ದ ಆಕ್ಸಲ್ ಹಾಕಿ ಎರಡೂ ಕಡೆ ವಾಷರ್ ತುಂಬಬೇಕು. ಕೋಸ್ಟರ್ ಹಬ್ಬಿನ ಬ್ರೇಕ್ ತೋಳನ್ನ ಚೈನ್ ಸ್ಟೇಗೆ, ಅಂದ್ರೆ ಹಿಂದಿನ ಚಕ್ರಕ್ಕೆ ಹೋಗೋ ಕೆಳಗಿನ ಪೈಪಿಗೆ, ಕಟ್ಟೋ ಪಟ್ಟಿ ಸಣ್ಣ ಸ್ಟೀಲ್ ಪೈಪಿಗೆ ಮಾಡಿದ್ದು, ಇಲ್ಲಿ ಸುತ್ತಲೂ ಬರಲ್ಲ.

ಈಗ ನನ್ ರಾಜಕುಮಾರ. ಅಲ್ಯೂಮಿನಿಯಂ ಕ್ರೂಸರ್ ಫ್ರೇಮು, ಸೆಕೆಂಡ್ ಹ್ಯಾಂಡು, ಸಿಗೋಕೆ ನಾಲ್ಕು ತಿಂಗಳು ಬೇಕಾಯ್ತು, ಈ ದಾರೀಲಿರೋ ದೊಡ್ಡ ಕಷ್ಟ ಅದೇ, ತಾಳ್ಮೆ ಇಲ್ದಿದ್ರೆ ಕಾಲಿಡ್ಬೇಡಿ. ಮೇಲಿನ ರಾಮಾಯಣ ಯಾವುದೂ ಇದಕ್ಕಿಲ್ಲ: ಸೀಳು ಹಿಂದಕ್ಕೆ ತೆರೆದಿದೆ, ಚಕ್ರ ಎಳೆದು ನಟ್ ಬಿಗಿ ಮಾಡಿದ್ರೆ ಆಯ್ತು, ಹಬ್ಬೂ 110ಕ್ಕೇ ಕೂರತ್ತೆ.

ತಗೊಳ್ಳೋವಾಗ ಎರಡು ನೋಡಿ. ಒಂದು, ಬೆಸುಗೆ ಪಕ್ಕ ಕೂದಲೆಳೆಯಂಥ ಬಿರುಕು, ಅದರಲ್ಲೂ ಹ್ಯಾಂಡಲ್ ಕೆಳಗಿನ ಜಾಯಿಂಟಲ್ಲಿ. ಸ್ಟೀಲು ಒಂದು ಮಿತಿಯೊಳಗಿನ ಪೆಟ್ಟನ್ನ ಎಷ್ಟು ಸಲ ಬೇಕಾದ್ರೂ ತಡ್ಕೊಳ್ಳತ್ತೆ, ಅಲ್ಯೂಮಿನಿಯಂ ಹಂಗಲ್ಲ, ಸಣ್ಣ ಪೆಟ್ಟುಗಳೂ ಅದರ ಲೆಕ್ಕದಲ್ಲಿ ಸೇರ್ತಾನೇ ಹೋಗತ್ತೆ. ಬಿರುಕು ಕಂಡ್ರೆ ಬೆಸುಗೆ ಹಾಕಿಸ್ಕೊಳ್ತೀನಿ ಅನ್ಬೇಡಿ, ಫ್ರೇಮಿಗೆ ಬಳಸೋ 6061 ಥರದ ಅಲ್ಯೂಮಿನಿಯಂ ಮಿಶ್ರಲೋಹನ ಬೆಸೆದ ಮೇಲೆ ಮತ್ತೆ ಕಾಯಿಸಿ ಹದ ಮಾಡದಿದ್ರೆ ಆ ಜಾಗ ಮೆತ್ತಗೇ ಉಳಿಯತ್ತೆ. ಎರಡನೇದು, ಸೀಟ್ ಪೋಸ್ಟ್ ಮೇಲೆ ಕೆಳಗೆ ಸರಿಯತ್ತಾ ನೋಡಿ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಪೋಸ್ಟು ವರ್ಷಗಟ್ಲೆ ಕೂತ್ರೆ ಎರಡೂ ಕಚ್ಚಿಕೊಂಡು ಒಂದಾಗ್ಬಿಡತ್ತೆ. ಅಂಥದ್ದೊಂದನ್ನ ಅರ್ಧ ಗಂಟೆ ತಿರುವಿ ತಿರುವಿ ಬಿಟ್ಟು ಬಂದಿದೀನಿ.

ತೂಕ ಇಳಿದಿದ್ದು ಹೀಗೆ. ಎಲ್ಲಕ್ಕಿಂತ ಹೆಚ್ಚು ಟೈರಲ್ಲಿ: ಅಂಚಲ್ಲಿ ಸ್ಟೀಲ್ ತಂತಿ ಇರೋ ಅಗ್ಗದ ವೈರ್ ಟೈರು ಒಂದೊಂದೂ 1,050 ಗ್ರಾಂ ತೂಗ್ತು, ಮಡಚೋ ಥರದ್ದು 600 ಒಳಗೆ, ಅಲ್ಲೇ ಒಂದು ಕೆಜಿ ಹತ್ರ ಹೋಯ್ತು. ರಿಮ್ಮು, ಫೋರ್ಕು, ಹ್ಯಾಂಡಲ್ ಎಲ್ಲಾ ಅಲ್ಯೂಮಿನಿಯಂ, ರಿಮ್ಮನ್ನ ಹಳೇ ಎಂಟಿಬಿಯಿಂದಾನೇ ಕಿತ್ಕೊಂಡೆ. ಹಾಂ, ಟೈರ್ ತಗೊಳ್ಳೋವಾಗ 26 x 1.75 ಬೇರೆ, 26 x 1¾ ಬೇರೆ, ಲೆಕ್ಕದಲ್ಲಿ ಒಂದೇ ಸಂಖ್ಯೆ ಆದ್ರೂ ಮೊದಲನೇದು 559, ಎರಡನೇದು ಹಳೇ ಶ್ವಿನ್‌ನ 571, ಒಂದರ ರಿಮ್ಮಿಗೆ ಇನ್ನೊಂದು ಕೂರಲ್ಲ. ಇಂಥ ಫ್ರೇಮಿನ ಮೂಲ ಕ್ರ್ಯಾಂಕು ಒಂದೇ ತುಂಡಿನ ಸ್ಟೀಲು, ಅದು ಕೂರೋ 51.3 ಮಿ.ಮೀ ದೊಡ್ಡ ತೂತಿಗೆ ಅಡಾಪ್ಟರ್ ಹಾಕಿ ಮೂರು ತುಂಡಿನ ಅಲ್ಯೂಮಿನಿಯಂ ಕ್ರ್ಯಾಂಕ್ ಕೂರಿಸ್ದೆ, ಗ್ರೀಸ್ ಕಡಿಮೆ ಮಾಡಿದ್ರೆ ಕಿರ್ ಕಿರ್ ಅನ್ನತ್ತೆ. ಸ್ಪ್ರಿಂಗ್ ಸೀಟು 1.4 ಕೆಜಿ ಇದೆ, ಅದನ್ನ ಮಾತ್ರ ಮುಟ್ಟಲಿಲ್ಲ, ಎಷ್ಟಂದ್ರೂ ಕೂರೋನು ನಾನು. ಮುಂದಕ್ಕೊಂದು ಕೈ ಬ್ರೇಕ್ ಕೂಡ ಹಾಕ್ಕೊಂಡೆ, ಬೇಲಿ ನೆನಪಿದೆಯಲ್ಲ.

ಒಟ್ಟು 12.4 ಕೆಜಿ. ರೆಡಿಮೇಡಿಗಿಂತ ನಾಲ್ಕು ಕೆಜಿ ಮೇಲೆ ಕಮ್ಮಿ. ಅಲ್ಯೂಮಿನಿಯಂ ಕುಲುಕತ್ತೆ ಅಂತಾರೆ, ಎರಡಿಂಚು ಟೈರಲ್ಲಿ 35 ಪಿಎಸ್‌ಐ ಗಾಳಿ ಹಾಕ್ಕೊಂಡು ಓಡಿಸೋನಿಗೆ ಅದೆಲ್ಲಾ ಗೊತ್ತಾಗಲ್ಲ. ಗೇರ್ ಇಲ್ಲ, ನಂಗೆ ಬೇಡ.

ಖರ್ಚು ಹೊಸ ರೆಡಿಮೇಡಿಗಿಂತ ಸ್ವಲ್ಪ ಜಾಸ್ತೀನೇ ಆಯ್ತು, ಮುಚ್ಚಿಡಲ್ಲ, ಆದ್ರೆ ನಾಲ್ಕು ತಿಂಗಳಲ್ಲಿ ಚೂರುಚೂರಾಗಿ ಹೋಗಿದ್ರಿಂದ ಕೈಗೆ ಬಿಸಿ ತಟ್ಟಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿಯೋದೇ ಬೇಜಾರು ಅನ್ನೋರು, ನೆಲಮಹಡೀಲಿರೋರು ರೆಡಿಮೇಡ್ ತಗೊಳ್ಳಿ, ಅಂಗಡಿಗೆ ಹೋಗೋವಾಗ ಜೇಬಲ್ಲೊಂದು ಮ್ಯಾಗ್ನೆಟ್ ಇರ್ಲಿ. ದುಡ್ಡು ತೀರಾ ಕಮ್ಮಿ, ಕೋಸ್ಟರ್ ಇಲ್ದಿದ್ರೂ ನಡಿಯತ್ತೆ ಅನ್ನೋರಿಗೆ ಎಂಟಿಬಿ ಫ್ರೇಮೇ ಸರಿ, ಕೈ ಬ್ರೇಕು ಕೂರಿಸೋ ಗುಬುಟು ಅದರಲ್ಲೇ ಇರತ್ತೆ, ಹಿಂದಕ್ಕೆ ತುಳಿದ್ರೆ ಸುಮ್ನೆ ತಿರುಗೋ ಫ್ರೀವೀಲ್ ಹಾಕಿದ್ರೆ ಟೆನ್ಷನರ್ರೂ ತಕರಾರು ಮಾಡಲ್ಲ. ನನ್ನದನ್ನ ಹಂಗೇ ಮಾಡಿ ತಮ್ಮನಿಗೆ ಕೊಟ್ಟೆ, ಅವನಿಗೆ ಹಿಂದಕ್ಕೆ ತುಳಿಯೋ ಅಭ್ಯಾಸಾನೇ ಇಲ್ಲ, ದಿನಾ ಓಡಿಸ್ತಾನೆ. ನಾನು ಅದನ್ನ ಹತ್ತಿದ್ರೆ ಮಾತ್ರ ಇವತ್ತಿಗೂ ಮೊದಲ ತಿರುವಲ್ಲೇ ಕಾಲು ಸುಮ್ನೆ ಹಿಂದಕ್ಕೆ ಸುತ್ತತ್ತೆ.