ಹಳೆಯ ಗೇಮ್ ಕಾರ್ಟ್ರಿಡ್ಜ್ ತರಿಸುವ ಮುನ್ನ ಅದರ ಹೊಟ್ಟೆಯನ್ನೊಮ್ಮೆ ನೋಡಿ

ನಿಂಟೆಂಡೊ ಕಂಪನಿಯ ಹಳೆಯ ಕೈಯಾಟದ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನ ಬಳಸಿದ ಕಾರ್ಟ್ರಿಡ್ಜ್‌ಗಳನ್ನು (ಆಟ ತುಂಬಿದ ಪುಟ್ಟ ಡಬ್ಬಿಗಳನ್ನು) ಬರಿಯ ಫೋಟೊ ನಂಬಿ ತರಿಸಿಕೊಳ್ಳುವವರು ಹಣ ಕಳುಹಿಸುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಕಳೆದ ಮಳೆಗಾಲದಲ್ಲಿ ನಾನು ₹2,800 ಕೊಟ್ಟು ತರಿಸಿದ್ದು ನಕಲಿ ಮಾಲು. ಹಣ ಹೋದದ್ದಕ್ಕಿಂತ, ಅದರ ದೆಸೆಯಿಂದ ಏನೂ ತಪ್ಪು ಮಾಡದ ಮಗನನ್ನು ಬೈದೆನೆಂಬುದೇ ನನಗೆ ಇಂದಿಗೂ ಚುಚ್ಚುತ್ತದೆ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿದೆ. ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟೂ ಇರುವುದಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇರುವುದಿಲ್ಲ. ಮಳೆಯ ರಜೆಯಲ್ಲಿ ಮಗನಿಗೆ ಬೇಸರವಾಗದಿರಲೆಂದು, ಅವನ ಚಿಕ್ಕಪ್ಪ ದುಬೈಯಿಂದ ತಂದುಕೊಟ್ಟಿದ್ದ, ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜ್‌ಗಳೂ ಓಡುವ ನಿಂಟೆಂಡೊದ ಡಿಎಸ್ ಲೈಟ್ ಯಂತ್ರಕ್ಕೆ ‘ಪೋಕೆಮಾನ್ ಮಿಸ್ಟರಿ ಡಂಜನ್: ರೆಡ್ ರೆಸ್ಕ್ಯೂ ಟೀಮ್’ ತರಿಸಿದೆ. 2005ರಲ್ಲಿ ಜಪಾನಿನಲ್ಲಿ ಬಂದ ಈ ಆಟದಲ್ಲಿ ಮನುಷ್ಯನೊಬ್ಬ ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಯಾಗಿ ಎಚ್ಚರಗೊಳ್ಳುತ್ತಾನೆ. ಯಾವ ಪೋಕೆಮಾನ್ ಎಂಬುದನ್ನು ಆರಂಭದಲ್ಲಿ ಕೇಳುವ ಸ್ವಭಾವದ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರ ನಿರ್ಧರಿಸುತ್ತದೆ. ನನ್ನ ಮಗ ಕೆಸರಿನಲ್ಲಿ ಬಾಳುವ ಮಡ್ಕಿಪ್ ಆದ, ಆಗ ನಮ್ಮ ಅಂಗಳವಿದ್ದ ಸ್ಥಿತಿಗೆ ಅದು ಸರಿಯಾಗಿಯೇ ಇತ್ತು. ಗುಹೆಯ ದಾರಿ ಪ್ರತಿ ಸಲವೂ ಬದಲಾಗುತ್ತದೆ, ನಾವು ಒಂದು ಹೆಜ್ಜೆ ಇಟ್ಟರೆ ಶತ್ರುವೂ ಒಂದು ಹೆಜ್ಜೆ ಇಡುತ್ತದೆ, ನಡೆದಷ್ಟೂ ಹೊಟ್ಟೆ ಹಸಿಯುವುದರಿಂದ ಚೀಲದಲ್ಲಿ ಸೇಬು ಇಟ್ಟುಕೊಂಡೇ ಒಳಗೆ ಹೋಗಬೇಕು.

ಮೂರು ವಾರ ಆಡಿ, ಒಂದು ರಾತ್ರಿ ಮೌಂಟ್ ಬ್ಲೇಜ್‌ನ ತುದಿಯಲ್ಲಿ ಬೆಂಕಿಯ ಹಕ್ಕಿ ಮೋಲ್ಟ್ರೆಸ್ಸನ್ನು ಸೋಲಿಸಿ, ಸೇವ್ ಮಾಡಿ ಮಲಗಿದ. ಬೆಳಿಗ್ಗೆ ಆನ್ ಮಾಡಿದರೆ ಹಳೆಯ ಆಟದ ಸುಳಿವೇ ಇಲ್ಲ, ಹೊಸ ಆಟ ಶುರುಮಾಡುವ ಆಯ್ಕೆಯೊಂದೇ ಉಳಿದಿತ್ತು. ಸೋತು ಎಲ್ಲವನ್ನೂ ಕಳೆದುಕೊಂಡು ಈಗ ತಪ್ಪನ್ನು ಕಾರ್ಟ್ರಿಡ್ಜ್ ಮೇಲೆ ಹಾಕುತ್ತಿದ್ದಾನೆಂದು ನಾನು ಗದರಿದೆ. “ಸೋತ್ರೆ ದುಡ್ಡು, ಸಾಮಾನು ಹೋಗುತ್ತೆ ಅಪ್ಪ, ಲೆವೆಲ್ ಹೋಗಲ್ಲ” ಎಂದು ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮಾರಿದ ಅಂಗಡಿಯವರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ, “ನಿಮ್ಮ ಕೊಡಗಿನ ಥಂಡಿಗೆ ಹಾಗಾಗಿದೆ ಸಾರ್, ಅಕ್ಕಿ ಡಬ್ಬದಲ್ಲಿಟ್ಟು ನೋಡಿ.” ಬೀರುವಿನಲ್ಲಿದ್ದ ಕ್ಯಾಮೆರಾದ ಲೆನ್ಸಿಗೇ ಬೂಷ್ಟು ಹಿಡಿಯುವುದನ್ನು ಕಂಡವನಾದ್ದರಿಂದ ನಂಬಿದೆ. ಎರಡು ದಿನ ಅಕ್ಕಿಯಲ್ಲಿಟ್ಟೆವು. ವಾರ ಕಳೆಯುವಷ್ಟರಲ್ಲಿ ಮತ್ತೆ ಎಲ್ಲವೂ ಅಳಿಸಿಹೋಯಿತು.

ಕುಶಾಲನಗರದಲ್ಲಿ ಮೊಬೈಲ್ ರಿಪೇರಿ ಮಾಡುವವರೊಬ್ಬರು ಅದನ್ನು ಬಿಚ್ಚಿದಾಗ, ಬೋರ್ಡಿನ ಮೂಲೆಯಲ್ಲಿ ಕೈಗಡಿಯಾರಕ್ಕೆ ಹಾಕುವಂತಹ ಒಂದು ಬಟನ್ ಸೆಲ್ ಒರಟಾಗಿ ಬೆಸುಗೆ ಹಾಕಿಕೊಂಡು ಕುಳಿತಿತ್ತು. 3 ವೋಲ್ಟ್ ತೋರಿಸಬೇಕಾದ ಅದು ಮೀಟರಿನಲ್ಲಿ 1.9 ತೋರಿಸಿತು. ಈ ಆಟದ ಅಸಲಿ ಕಾರ್ಟ್ರಿಡ್ಜ್, ವಿದ್ಯುತ್ ಇಲ್ಲದಿದ್ದರೂ ಅಳಿಸಿಹೋಗದ ಫ್ಲಾಶ್ ಮೆಮೊರಿಯಲ್ಲಿ ಸೇವ್ ಮಾಡುವುದರಿಂದ ಅದಕ್ಕೆ ಸೆಲ್ ಬೇಕಾಗಿಯೇ ಇಲ್ಲ. ನಕಲು ಮಾಡುವವರು ಅಗ್ಗದ ಮೆಮೊರಿ ಚಿಪ್ ಹಾಕಿ ಅದನ್ನು ಸೆಲ್ಲಿನ ಆಸರೆಯಲ್ಲಿ ನಿಲ್ಲಿಸಿರುತ್ತಾರೆ, ಸೆಲ್ ಸೋತ ದಿನ ಮಕ್ಕಳ ಆಟವೂ ಹೋಗುತ್ತದೆ. ಥಂಡಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಹೊರಗಿನಿಂದಲೂ ಕೆಲವು ಗುರುತುಗಳನ್ನು ನೋಡಬಹುದು. ಅಸಲಿಯ ಮುಂಭಾಗದ ಲೇಬಲ್ಲಿನಲ್ಲಿ ಒತ್ತಿ ಮೂಡಿಸಿದ ಸಣ್ಣ ಸಂಖ್ಯೆಯಿರುತ್ತದೆ, ಕೆಳಗಿನ ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಕಾಣುತ್ತದೆ, ಹಿಂಬದಿಯ ಸ್ಕ್ರೂವಿನ ತಲೆಯಲ್ಲಿ ಮೂರು ಕವಲಿನ ಗೀರು ಇರುತ್ತದೆ. ಆದರೆ ನನಗೆ ಬಂದ ನಕಲಿಯಲ್ಲೂ ಅಂಥದೇ ಸ್ಕ್ರೂ ಇತ್ತು. ಆದ್ದರಿಂದ ಬಿಚ್ಚಿದ ಬೋರ್ಡಿನ ಫೋಟೊವನ್ನೇ ಕೇಳಿ. ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ. ಪಾರ್ಸೆಲ್ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ, ನಾನು ಮಾಡಿರಲಿಲ್ಲ.

ಅಂಗಡಿಯವರು ಈಗ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಹಣ ಮರಳದಿದ್ದರೆ ಬೇರೆ ಊರಿಗೆ ಅಲೆಯದೆ ಮಡಿಕೇರಿಯಲ್ಲೇ ಅರ್ಜಿ ಹಾಕಲಿದ್ದೇನೆ. ಆ ಸೆಲ್ಲನ್ನೂ 1.9 ತೋರಿಸಿದ ಮೀಟರಿನ ಫೋಟೊವನ್ನೂ ಬಿಲ್ಲಿನ ಜೊತೆ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ.