ಇವ್ಯಾಂಜೆಲಿಯನ್: ಹಳೆಯ ಧಾರಾವಾಹಿಯೋ, ಹೊಸ ಚಿತ್ರಗಳೋ?

ದೈತ್ಯ ಯಂತ್ರಗಳ ಅನಿಮೆಗಳಲ್ಲಿ (ಜಪಾನಿನ ಅನಿಮೇಷನ್ ಕೃತಿಗಳಲ್ಲಿ) ಹೆಚ್ಚು ಚರ್ಚೆಗೊಳಗಾದ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಟಿವಿ ಟೋಕಿಯೋ ವಾಹಿನಿಯಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ 26 ಕಂತುಗಳಲ್ಲಿ ಪ್ರಸಾರವಾಯಿತು. ಅದರ ನಿರ್ದೇಶಕ ಹಿದೆಯಾಕಿ ಆನ್ನೋ ಅವರೇ 2007ರಿಂದ 2021ರ ನಡುವೆ ಆ ಕಥೆಯನ್ನು ‘ರೀಬಿಲ್ಡ್’ ಎಂಬ ನಾಲ್ಕು ಚಲನಚಿತ್ರಗಳಾಗಿ ಹೊಸದಾಗಿ ಕಟ್ಟಿದರು. ಎರಡನ್ನೂ ಒಂದರ ಬೆನ್ನಿಗೊಂದರಂತೆ ನೋಡಿದಾಗ, ಹೊಸ ಚಿತ್ರಗಳ ನಿಜವಾದ ಧೈರ್ಯವಿರುವುದು ಕಾಳಗದ ವೈಭವದಲ್ಲಲ್ಲ, ಹಳೆಯ ಕೃತಿ ಬಾಯಿಬಿಡದೆ ಉಳಿಸಿದ್ದ ಪಾತ್ರಗಳನ್ನು ಮಾತಾಡಿಸಿದ್ದರಲ್ಲಿ ಎಂದು ನನಗನ್ನಿಸಿತು.

ಕಾಳಗದ ಮಟ್ಟಿಗೆ ಹೊಸದರದ್ದೇ ಮೇಲುಗೈ. ಇಡೀ ಜಪಾನಿನ ವಿದ್ಯುತ್ತನ್ನು ಒಂದೇ ಬಂದೂಕಿಗೆ ಹರಿಸುವ ಪ್ರಸಂಗದಲ್ಲಿ, ಧಾರಾವಾಹಿಯ ಶತ್ರು ಬರಿಯ ನೀಲಿ ಅಷ್ಟಮುಖಿಯಾದರೆ, ಮೊದಲ ಚಿತ್ರದಲ್ಲಿ ಅದು ಕಿರುಚುತ್ತಾ ಕ್ಷಣಕ್ಕೊಂದು ಆಕಾರ ತಾಳುತ್ತದೆ. ಆದರೆ ಆ ಚಿತ್ರದ ಉಳಿದ ಭಾಗ ಮೊದಲ ಆರು ಕಂತುಗಳ ಹಾದಿಯನ್ನೇ ಹಿಡಿದಿದೆ.

ಲಿಫ್ಟಿನ ದೃಶ್ಯ ಹೋಲಿಕೆಗೆ ಹೇಳಿಮಾಡಿಸಿದಂತಿದೆ. 22ನೆಯ ಕಂತಿನಲ್ಲಿ, ದೈತ್ಯ ಯಂತ್ರಗಳನ್ನು ನಡೆಸುವ ಹುಡುಗಿಯರಾದ ಅಸುಕಾ ಮತ್ತು ರೇ ಲಿಫ್ಟಿನೊಳಗೆ ಮೌನವಾಗಿ ನಿಂತಿರುತ್ತಾರೆ. ಸುಮಾರು 50 ಸೆಕೆಂಡು ಚಿತ್ರ ಕದಲುವುದೇ ಇಲ್ಲ, ಯಂತ್ರದ ಸದ್ದು ಮಾತ್ರ ಕೇಳಿಸುತ್ತದೆ. ಕೊನೆಗೆ ಮಾತು ಬೆಳೆದು ಅಸುಕಾ ರೇಯ ಕೆನ್ನೆಗೆ ಬಾರಿಸುತ್ತಾಳೆ. 2009ರ ಎರಡನೆಯ ಚಿತ್ರದಲ್ಲಿ ರೇ ಆ ಕೈಯನ್ನು ನಡುವೆಯೇ ಹಿಡಿದು ತಡೆಯುತ್ತಾಳೆ, ಕಥಾನಾಯಕ ಶಿಂಜಿಯ ಬಗ್ಗೆ ತನಗೇನನ್ನಿಸುತ್ತದೆ ಎಂಬುದನ್ನೂ ಹೇಳುತ್ತಾಳೆ. ರೇಗೆ ಇಲ್ಲಿ ಒಂದು ಮನಸ್ಸು ದಕ್ಕಿದೆ, ನಿಜ. ಆದರೆ ಆ ಅಲುಗದ ಚಿತ್ರ ಹುಟ್ಟಿಸುತ್ತಿದ್ದ ಕಸಿವಿಸಿ ಮಾಯವಾಗಿದೆ. ನನ್ನ ಮತ ಹಳೆಯದಕ್ಕೇ.

ಕಥೆಯನ್ನು ಒಮ್ಮೆಲೇ 14 ವರ್ಷ ಮುಂದಕ್ಕೆ ಹಾರಿಸುವ 2012ರ ಮೂರನೆಯ ಚಿತ್ರ ನನಗೆ ರುಚಿಸಲಿಲ್ಲ. ಶಿಂಜಿಗೆ ಯಾರೂ ಏನನ್ನೂ ವಿವರಿಸದಿರುವುದು ನಿರ್ದೇಶಕರ ಉದ್ದೇಶವೇ ಇರಬಹುದಾದರೂ, ಪ್ರೇಕ್ಷಕನ ಸಹನೆಗೂ ಒಂದು ಮಿತಿಯಿದೆ.

ಅದರ ಫಲ ಸಿಗುವುದು 155 ನಿಮಿಷಗಳ ಕೊನೆಯ ಚಿತ್ರದಲ್ಲಿ. ಅಳಿದುಳಿದವರು ಕಟ್ಟಿಕೊಂಡ ಹಳ್ಳಿಯೊಂದರಲ್ಲಿ ಶಿಂಜಿಯ ಸಹಪಾಠಿಗಳು ಸಂಸಾರಸ್ಥರಾಗಿದ್ದಾರೆ. ರೇಯನ್ನೇ ಹೋಲುವ ಹುಡುಗಿ ಹೆಂಗಸರೊಂದಿಗೆ ಗದ್ದೆಗಿಳಿದು ಭತ್ತ ನಾಟಿ ಮಾಡುತ್ತಾ ಕೆಸರಿಗೆ ಬೀಳುತ್ತಾಳೆ. (ಯಂತ್ರಗಳ ಕಾದಾಟಕ್ಕೆಂದೇ ಬಂದವರು ಇಲ್ಲಿ ಚಡಪಡಿಸಿದರೆ ಆಶ್ಚರ್ಯವಿಲ್ಲ.) ಮುಂದೆ ತಂದೆ ಮಗ ಎದುರುಬದುರಾಗಿ ಕಾದುವಾಗ ಹಿನ್ನೆಲೆಯ ನಗರವು ಸ್ಟುಡಿಯೋದ ಸೆಟ್ಟಿನಂತೆ ಬಯಲಾಗುತ್ತದೆ. ಧಾರಾವಾಹಿಯಲ್ಲಿ ಶಿಂಜಿ ತನ್ನೊಳಗನ್ನು ತೋಡಿಕೊಳ್ಳುತ್ತಿದ್ದ ರೈಲುಬೋಗಿಯಲ್ಲಿ ಈಗ ತಂದೆ ಗೆಂಡೋ ಕುಳಿತು ತನ್ನ ಒಂಟಿತನವನ್ನೂ ಮಗನ ಕುರಿತ ಭಯವನ್ನೂ ಹೇಳಿಕೊಳ್ಳುತ್ತಾನೆ. ಧಾರಾವಾಹಿಗೆ ಬೇರೊಂದು ಕೊನೆ ಕಟ್ಟಿದ 1997ರ ‘ದಿ ಎಂಡ್ ಆಫ್ ಇವ್ಯಾಂಜೆಲಿಯನ್’ ಚಿತ್ರವು ಈ ತಂದೆಗೆ ಕೊನೆಗಳಿಗೆಯ ಕೆಲವೇ ಮಾತುಗಳನ್ನು ಕೊಟ್ಟಿತ್ತು. ಅದರ ಭೀಕರ ಬಿಂಬಗಳ ಶಕ್ತಿ ಇದಕ್ಕಿಲ್ಲ, ಆದರೆ ತಂದೆಯ ಪಾತ್ರ ಪೂರ್ತಿಯಾಗುವುದು ಇಲ್ಲಿಯೇ.

ಹೊಸಬರು ಧಾರಾವಾಹಿ ಮತ್ತು 1997ರ ಚಿತ್ರವನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಆ ಬೋಗಿಯನ್ನು ಮೊದಲೇ ಕಂಡಿರದವರಿಗೆ ಗೆಂಡೋ ಅಲ್ಲಿ ಕುಳಿತದ್ದರ ತೂಕ ತಿಳಿಯುವುದಿಲ್ಲ. ಸಮಯದ ಅಭಾವವಿದ್ದರೆ ‘ರೀಬಿಲ್ಡ್’ನ ಮೊದಲ ಚಿತ್ರದಲ್ಲಿ ಆ ಅಷ್ಟಮುಖಿಯ ಕಾಳಗವನ್ನಷ್ಟೇ ನೋಡಿ ಎರಡನೆಯದಕ್ಕೆ ಹೋಗಬಹುದು.