ಗೇಮ್ ಇನ್‌ಸ್ಟಾಲರ್‌ಗಳನ್ನು ಕೂಡಿಡುವವರು ಹಸಿರು ಗುರುತನ್ನು ನಂಬಬೇಡಿ

ಜಿಒಜಿ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಕೊಂಡ ಆಟಗಳ ಇನ್‌ಸ್ಟಾಲರ್‌ಗಳೆಲ್ಲವೂ (ಆಟವನ್ನು ಕಂಪ್ಯೂಟರ್‌ಗೆ ಹಾಕುವ ಫೈಲ್‌ಗಳು) ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಭದ್ರವಾಗಿವೆ ಎಂಬ ನೆಮ್ಮದಿಯಲ್ಲಿ ನಾನು ಒಂದೂವರೆ ವರ್ಷ ಕಳೆದಿದ್ದೆ. ಇಂಟರ್‌ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಆಟವನ್ನು ಹಾಕಲು ಕುಳಿತ ದಿನ ಆ ನೆಮ್ಮದಿ ಮುರಿಯಿತು. ಇನ್‌ಸ್ಟಾಲೇಶನ್ ಅರ್ಧ ದಾಟಿದ ಮೇಲೆ ನಿಂತುಹೋಗಿ, ಮೂಲ ಫೈಲ್ ಕೆಟ್ಟಿದೆ ಎಂಬ ಸಂದೇಶ ಬಂತು.

ದೊಡ್ಡ ಆಟಗಳ ಇನ್‌ಸ್ಟಾಲರ್ ಒಂದೇ ಫೈಲ್ ಆಗಿರುವುದಿಲ್ಲ; ಚಿಕ್ಕದೊಂದು ಸೆಟಪ್ ಫೈಲ್, ಅದರ ಜೊತೆಗೆ ಕೊನೆಯಲ್ಲಿ 1, 2, 3 ಎಂಬ ಅಂಕೆ ಹೊತ್ತ ಬಿನ್ ಫೈಲ್‌ಗಳು ಇರುತ್ತವೆ. ನನ್ನಲ್ಲಿ ಕೆಟ್ಟಿದ್ದದ್ದು ಎರಡನೆಯ ಬಿನ್. ವಿಚಿತ್ರವೆಂದರೆ ಅದರ ಗಾತ್ರ ಒಂದು ಬೈಟ್ ಕೂಡ ವ್ಯತ್ಯಾಸವಿಲ್ಲದೆ ಸರಿಯಾಗಿತ್ತು. ಫೈಲಿನ ಒಳಗಿನ ಬೈಟ್‌ಗಳನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೆಳಗಿಳಿಯುತ್ತ ಹೋದಾಗ, ಅಲ್ಲಿಯವರೆಗೆ ಗಿಜಿಗುಡುತ್ತಿದ್ದ ಅಂಕಿಗಳು ಒಂದು ಜಾಗದಲ್ಲಿ ತಟ್ಟನೆ ನಿಂತು, ಮುಂದೆ ಕೊನೆಯವರೆಗೂ ಬರಿಯ ಸೊನ್ನೆಗಳೇ ಇದ್ದವು. ನಾನು ಬಳಸಿದ ಡೌನ್‌ಲೋಡ್ ತಂತ್ರಾಂಶ (ಅದರ ಹೆಸರು ಇಲ್ಲಿ ಬೇಡ) ಮೊದಲೇ ಡಿಸ್ಕ್‌ನಲ್ಲಿ ಪೂರ್ತಿ ಗಾತ್ರದ ಜಾಗ ಹಿಡಿದಿಟ್ಟು ಆಮೇಲೆ ತುಂಬುತ್ತ ಹೋಗುತ್ತಿತ್ತು. ನಡುವೆ ಸಂಪರ್ಕ ಕಡಿದು ಮತ್ತೆ ತೆರೆದಾಗ ಗಾತ್ರವನ್ನಷ್ಟೇ ನೋಡಿ, ಹಸಿರು ಗುರುತು ಹಾಕಿ ಮುಂದಿನ ಫೈಲ್‌ಗೆ ಹೋಗಿಬಿಡುತ್ತಿತ್ತು.

ಇದನ್ನಾದರೂ ಮತ್ತೆ ಇಳಿಸಿಕೊಳ್ಳಬಹುದು. ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ‘ಹಳೆಯ ಆವೃತ್ತಿಗಳನ್ನು ತೆಗೆದುಹಾಕು’ ಎಂಬ ಆಯ್ಕೆಗೆ ನಾನೇ ಟಿಕ್ ಹಾಕಿದ್ದೆ. ಹೊಸ ಆವೃತ್ತಿಯ ಹೆಸರು ಮಳಿಗೆಯ ಪಟ್ಟಿಯಲ್ಲಿ ಕಂಡ ಕೂಡಲೇ ಆ ತಂತ್ರಾಂಶ ಹಳೆಯದನ್ನು ಅಳಿಸಿ, ಆಮೇಲೆ ಹೊಸದನ್ನು ಇಳಿಸಲು ತೊಡಗುತ್ತಿತ್ತು. ಮಳಿಗೆಯವರು ಆಫ್‌ಲೈನ್ ಇನ್‌ಸ್ಟಾಲರ್‌ಗಳಲ್ಲಿ ಸಾಮಾನ್ಯವಾಗಿ ಇತ್ತೀಚಿನ ಆವೃತ್ತಿಯನ್ನು ಮಾತ್ರ ಇಡುವುದರಿಂದ, ನಾನು ಬೇಕೆಂದೇ ಉಳಿಸಿಕೊಂಡಿದ್ದ ಎರಡು ಹಳೆಯ ಆವೃತ್ತಿಗಳು ಮತ್ತೆ ಸಿಗುವಂತಿರಲಿಲ್ಲ.

ಆಮೇಲೆ ಬೇರೆ ಸಾಧನಗಳನ್ನು ನೋಡುವಾಗ ವೇಗವನ್ನಾಗಲಿ ಅಂದವನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ, ಇಳಿಸಿದ್ದನ್ನು ಹೇಗೆ ಪರೀಕ್ಷಿಸುತ್ತದೆ, ಬೇಡದ್ದನ್ನು ಏನು ಮಾಡುತ್ತದೆ ಎಂಬ ಎರಡನ್ನೇ ಕೇಳಿಕೊಂಡೆ. ಜಿಒಜಿ ಆಟಗಳನ್ನು ಇಳಿಸಲೆಂದೇ ಪೈಥಾನ್ ಭಾಷೆಯಲ್ಲಿ ಬರೆದ ಗಾಗ್‌ರೆಪೊ ಎಂಬ ಸಾಧನದಲ್ಲಿ ಪರಿಶೀಲನೆಗೇ ಒಂದು ಪ್ರತ್ಯೇಕ ಆದೇಶವಿದೆ. ಅದು ಗಾತ್ರದ ಜೊತೆಗೆ ಎಂಡಿ5 ಮೊತ್ತವನ್ನು (ಫೈಲಿನ ಒಳಗಿನಿಂದ ಲೆಕ್ಕಹಾಕಿದ, ಅದರ ಬೆರಳಚ್ಚಿನಂತಹ ಸಂಖ್ಯೆ) ತಾಳೆ ನೋಡುತ್ತದೆ, ಜಿಪ್ ಫೈಲ್‌ಗಳಾದರೆ ಒಳಗನ್ನೂ ಪರೀಕ್ಷಿಸುತ್ತದೆ. ಅದರ ಇನ್ನೊಂದು ಆದೇಶ ಪಟ್ಟಿಯಲ್ಲಿಲ್ಲದ ಫೈಲ್‌ಗಳನ್ನು ಅಳಿಸುವ ಬದಲು ಬೇರೊಂದು ಫೋಲ್ಡರ್‌ಗೆ ಸರಿಸಿಡುತ್ತದೆ. ನನಗೆ ಮೊದಲೇ ಇದು ಗೊತ್ತಿದ್ದರೆ ಆ ಎರಡು ಆವೃತ್ತಿಗಳು ಉಳಿಯುತ್ತಿದ್ದವು. ಲಿನಕ್ಸ್ ಬಳಸುವವರ ಎಲ್‌ಗಾಗ್‌ಡೌನ್‌ಲೋಡರ್ ಎಂಬ ಸಾಧನ, ಮಳಿಗೆಯೇ ಕೊಡುವ ಎಕ್ಸ್‌ಎಂಎಲ್ ಮಾಹಿತಿಯ (ಫೈಲಿನ ಪ್ರತಿ ತುಂಡಿನ ಎಂಡಿ5 ಮೊತ್ತ ಇರುವ ಪಟ್ಟಿ) ನೆರವಿನಿಂದ ಫೈಲನ್ನು ತುಂಡು ತುಂಡಾಗಿ ಪರೀಕ್ಷಿಸಿ, ಕೆಟ್ಟ ತುಂಡನ್ನಷ್ಟೇ ಮತ್ತೆ ತರಿಸಿಕೊಳ್ಳಬಲ್ಲದು. ಹತ್ತಾರು ಜಿಬಿ ಆಟದಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಎರಡನ್ನೂ ಟರ್ಮಿನಲ್‌ನಲ್ಲಿ ಆದೇಶ ಬರೆದೇ ನಡೆಸಬೇಕು, ಮತ್ತು ಸಂಗೀತ, ಕೈಪಿಡಿಯಂತಹ ಹೆಚ್ಚುವರಿ ಫೈಲ್‌ಗಳಿಗೆ ಎಕ್ಸ್‌ಎಂಎಲ್ ಮಾಹಿತಿ ಇರುವುದಿಲ್ಲ. ಸ್ಟೀಮ್ ಎಂಬ ಇನ್ನೊಂದು ಗೇಮ್ ಮಳಿಗೆಯ ಬ್ಯಾಕಪ್ ಸೌಲಭ್ಯವನ್ನು ಇವುಗಳ ಸಾಲಿಗೆ ಸೇರಿಸಲಾಗದು, ಏಕೆಂದರೆ ಆ ಪ್ರತಿಯನ್ನು ಮರಳಿ ಹಾಕಲು ಸ್ಟೀಮ್ ತಂತ್ರಾಂಶ ಬೇಕೇ ಬೇಕು.

ಮಳಿಗೆಯ ಮಾಹಿತಿಯನ್ನು ನೆಚ್ಚದೆ ಪರೀಕ್ಷಿಸಬೇಕೆಂದರೆ ಇನ್ನೊಎಕ್ಸ್‌ಟ್ರಾಕ್ಟ್ ಎಂಬ ಸಾಧನವಿದೆ. ಜಿಒಜಿಯ ವಿಂಡೋಸ್ ಇನ್‌ಸ್ಟಾಲರ್‌ಗಳು ಇನ್ನೊ ಸೆಟಪ್ ಎಂಬ ಇನ್‌ಸ್ಟಾಲರ್ ತಯಾರಿಸುವ ತಂತ್ರಾಂಶದಲ್ಲಿ ಕಟ್ಟಿದವಾದ್ದರಿಂದ, ಆಟವನ್ನು ಹಾಕದೆಯೇ ಅವುಗಳ ಒಳಗಿನ ಫೈಲ್‌ಗಳನ್ನು ಇದು ಪರೀಕ್ಷಿಸಬಲ್ಲದು. ಸೆಟಪ್ ಫೈಲ್‌ನ ಡಿಜಿಟಲ್ ಸಹಿ (ಫೈಲ್ ಬದಲಾಗಿಲ್ಲ ಎಂಬುದರ ಗುರುತು) ಸರಿಯಿದೆ ಎಂದು ನಾನು ಸಮಾಧಾನ ಪಟ್ಟಿದ್ದೂ ತಪ್ಪೇ ಆಗಿತ್ತು. ಆ ಸಹಿ ಪಕ್ಕದ ಬಿನ್ ಫೈಲ್‌ಗಳನ್ನು ಒಳಗೊಳ್ಳುವುದಿಲ್ಲ.

ಇಡೀ ಸಂಗ್ರಹವನ್ನು ಹೀಗೆ ಪರೀಕ್ಷಿಸಲು ಮೂರು ರಾತ್ರಿ ಹಿಡಿಯಿತು. ಹಸಿರು ಗುರುತು ಹೊತ್ತಿದ್ದವುಗಳಲ್ಲಿ ಇನ್ನೂ ಒಂಬತ್ತು ಫೈಲ್‌ಗಳ ಬಾಲದಲ್ಲಿ ಸೊನ್ನೆಗಳು ಸಿಕ್ಕವು.